ಏಕಾದಶಿಯ ಮರುದಿನದ ಗೆಣಸು

ಆಷಾಢ ಏಕಾದಶಿಗೆ ಪಂಢರಪುರದಲ್ಲಿ ಲಕ್ಷಾಂತರ ವಾರಕರಿಗಳು ನೆರೆಯುತ್ತಾರೆ. ಅವತ್ತು ಸೊಲ್ಲಾಪುರ ಜಿಲ್ಲೆಯ ಯಾವ ಊರಿಗೆ ಹೋದರೂ ಒಲೆಯ ಮೇಲೆ ಸಾಬೂದಾಣಿ, ಭಗರ್ ಇಲ್ಲವೇ ಗೆಣಸು. ಮರಾಠಿ ಮನೆಗಳಲ್ಲಿ ಗೆಣಸು ತುರಿದು ತುಪ್ಪ, ಜೀರಿಗೆ, ಹಸಿಮೆಣಸಿನಕಾಯಿ, ಶೇಂಗಾ ಪುಡಿ ಹಾಕಿ ರತಾಳ್ಯಾಚಾ ಕೀಸ್ ಮಾಡುತ್ತಾರೆ. ಅಕ್ಕಲಕೋಟೆ ತಾಲ್ಲೂಕಿನ ಕನ್ನಡದ ಮನೆಗಳಲ್ಲಿ ಕುದಿಸಿದ ಗೆಣಸಿಗೆ ಬೆಲ್ಲವೋ ಹಾಲೋ ಜೊತೆಯಾದರೆ ಸಾಕು. ಹಬ್ಬಕ್ಕೆ ಎರಡು ದಿನ ಇರುವಾಗಲೇ ಸಂತೆಯಲ್ಲಿ ದರ ಏರುತ್ತದೆ. ದ್ವಾದಶಿಯ ಪಾರಣೆ ಮುಗಿಯಿತೆಂದರೆ ಅದೇ ಗೆಣಸಿನ ಚೀಲದ ಮುಂದೆ ನಿಲ್ಲುವವರಿಲ್ಲ. ಮಹಾಶಿವರಾತ್ರಿಗೂ ಇದೇ ಕಥೆ, ನವರಾತ್ರಿಯ ಒಂಬತ್ತು ದಿನಕ್ಕೆ ತುಸು ಮೆಲ್ಲಗೆ.

ವರ್ತುಲ ಆರ್ಥಿಕತೆ ಅಂತ ಈಗ ಒಂದು ಮಾತು ಎಲ್ಲ ಕಡೆ ಓಡಾಡುತ್ತಿದೆ. ಬಳಸಿ ಬಿಸಾಡುವುದನ್ನು ಬಿಟ್ಟು, ಒಂದು ಕೆಲಸದಲ್ಲಿ ಉಳಿದದ್ದನ್ನು ಇನ್ನೊಂದು ಕೆಲಸದ ಕಚ್ಚಾ ಮಾಲು ಮಾಡಿಕೊಳ್ಳುವುದು ಅದರ ತಿರುಳು. ಒಕ್ಕಲುತನದ ಮಟ್ಟಿಗೆ ಇದನ್ನು ಹೊಸದೆಂದು ಹೇಳಿದರೆ ತಿಪ್ಪೆ ಇಟ್ಟುಕೊಂಡ ಯಾವ ರೈತನಾದರೂ ನಕ್ಕಾನು. ಆದರೆ ಗೆಣಸಿನ ವಿಷಯದಲ್ಲಿ ಈ ಮಾತನ್ನು ಸ್ವಲ್ಪ ಗಂಭೀರವಾಗಿಯೇ ತೆಗೆದುಕೊಳ್ಳಬೇಕು. ವರ್ಷಕ್ಕೆ ಕೆಲವೇ ದಿನ ಬೇಡಿಕೆ ಇರುವ, ಕಿತ್ತ ಮೇಲೆ ಬಹಳ ದಿನ ತಾಳದ, ಹೊಲದಲ್ಲಿ ಗೆಡ್ಡೆಯಷ್ಟೇ ಬಳ್ಳಿಯನ್ನೂ ಬೆಳೆಸುವ ಬೆಳೆ ಇದು. ಉಳಿಕೆ ಇಲ್ಲಿ ಅಪವಾದವಲ್ಲ, ಪ್ರತಿ ಸಲ ಬರುವ ಲೆಕ್ಕ. ಅದನ್ನು ಎಲ್ಲಿಗೆ ಕಳಿಸಬೇಕು, ಎಲ್ಲಿಗೆ ಕಳಿಸಲೇಬಾರದು ಎಂಬುದು ಈ ಬರಹದ ವಿಷಯ.

ಮೊದಲು ಒಂದು ನಿಜ ಹೇಳಿಬಿಡಬೇಕು. ಸೊಲ್ಲಾಪುರ ಸೀಮೆ ಗೆಣಸಿನ ತವರಲ್ಲ. ವರ್ಷಕ್ಕೆ ಸರಾಸರಿ 550 ಮಿಲಿಮೀಟರ್ ಆಸುಪಾಸು ಮಳೆ, ಅದೂ ನೆಚ್ಚಿಕೊಳ್ಳಲಾಗದ್ದು. ಒಣಬೇಸಾಯದ ಸಂಶೋಧನೆಗೆಂದು 1933ರಲ್ಲಿ ದೇಶದಲ್ಲಿ ಕೇಂದ್ರಗಳನ್ನು ತೆರೆಯಲು ಹೊರಟಾಗ ವಿಜಾಪುರ, ರಾಯಚೂರು, ಹಗರಿ, ರೋಹ್ತಕ್‌ಗಳ ಸಾಲಿಗೆ ಸೊಲ್ಲಾಪುರ ಸೇರಿದ್ದು ಸುಮ್ಮನೆ ಅಲ್ಲ. ಇಲ್ಲಿಯ ಎರೆ ಭೂಮಿ ಹಿಂಗಾರಿ ಜೋಳಕ್ಕೆ ಹೇಳಿ ಮಾಡಿಸಿದ್ದು. ಮಾಲದಂಡಿ ಜೋಳ ಈ ಜಿಲ್ಲೆಯದೇ ಹೆಸರು, ಮಂಗಳವೇಢೆ ಜೋಳಕ್ಕೆ ಭೌಗೋಳಿಕ ಗುರುತೂ ಸಿಕ್ಕಿದೆ. ಗೆಣಸಿಗೆ ಬೇಕಾದದ್ದು ನೀರು ಬಸಿದುಹೋಗುವ ಹಗುರ ಮಣ್ಣು, ಮಸಾರಿ ಅಥವಾ ಮರಳುಮಿಶ್ರಿತ ಭೂಮಿ. ಹಾಗಾಗಿ ಜಿಲ್ಲೆಯಲ್ಲಿ ಗೆಣಸಿಗೆ ಹೆಸರಾದದ್ದು ಕರಮಾಳಾ ಕಡೆ. ಶಿವರಾತ್ರಿ, ಏಕಾದಶಿ ಬಂತೆಂದರೆ ಅಲ್ಲಿಯ ರತಾಳೆ ಪುಣೆಯ ಗುಲ್‌ಟೇಕಡಿ ಮಾರ್ಕೆಟ್ ಯಾರ್ಡಿನವರೆಗೆ ಹೋಗುತ್ತದೆ. ಅಲ್ಲಿ ಅದಕ್ಕೆ ಪೈಪೋಟಿ ಕೊಡುವುದು ನಮ್ಮ ಬೆಳಗಾವಿ ಗೆಣಸು. ಬೆಳಗಾವಿ ತಾಲ್ಲೂಕಿನ ಪಶ್ಚಿಮದ ಹಳ್ಳಿಗಳು, ಖಾನಾಪುರ, ಗಡಿಯಾಚೆಯ ಚಂದಗಡ ಸೇರಿ ಬೆಳೆಯುವ ಗೆಣಸು ಬೆಳಗಾವಿ ಎಪಿಎಂಸಿಯಿಂದ ದಿಲ್ಲಿಯ ತನಕ ಲಾರಿ ಹತ್ತುತ್ತದೆ. ಅಕ್ಕಲಕೋಟೆಯಲ್ಲಿ ಬೋರಿ ನದಿಯ ಅಂಚು, ಕುರನೂರು ಡ್ಯಾಮಿನ ನೀರು ಮುಟ್ಟುವ ಹಗುರ ಭೂಮಿ, ಬಾವಿ ಇರುವ ಮಡ್ಡಿ ಹೊಲ ಇಂಥ ಕಡೆಗಷ್ಟೇ ಈ ಬೆಳೆಯ ಮಾತು.

ಎರೆ ಭೂಮಿಗೂ ಗೆಣಸಿಗೂ ಯಾಕೆ ಸರಿಹೋಗದು ಎಂಬುದನ್ನು ಸ್ವಲ್ಪ ಬಗ್ಗಿ ನೋಡಬೇಕು, ಮುಂದಿನದೆಲ್ಲ ಅದರ ಮೇಲೇ ನಿಂತಿದೆ. ಎರೆ ಒಣಗಿದರೆ ಬಾಯಿ ಬಿಡುತ್ತದೆ, ಅಂಗೈ ತೂರುವಷ್ಟು ಬಿರುಕು. ಗೆಣಸಿನ ದೊಡ್ಡ ಶತ್ರು ಒಂದು ಮೂತಿಹುಳ. ಇರುವೆ ಗಾತ್ರದ್ದು, ನೋಡಲೂ ಇರುವೆಯಂತೆಯೇ. ಬೆನ್ನು ಉಕ್ಕಿನ ನೀಲಿ, ಎದೆ ಮತ್ತು ಕಾಲು ಕೆಂಪು. ಅದಕ್ಕೆ ಮಣ್ಣು ತೋಡಲು ಬರುವುದಿಲ್ಲ. ಬಿರುಕು ಸಿಕ್ಕರೆ ಇಳಿದು ಗೆಡ್ಡೆ ಮುಟ್ಟುತ್ತದೆ, ಸಿಗದಿದ್ದರೆ ಬಳ್ಳಿಯ ಬುಡದಲ್ಲೇ ಮೊಟ್ಟೆ ಇಡುತ್ತದೆ. ಹೆಣ್ಣುಹುಳ ಗೆಡ್ಡೆಯ ತೊಗಟೆಯಲ್ಲಿ ಸಣ್ಣ ಕುಳಿ ಮಾಡಿ, ಒಂದು ಮೊಟ್ಟೆ ಇಟ್ಟು, ಮೇಲೆ ತನ್ನ ಹಿಕ್ಕೆಯಿಂದಲೇ ಬೂದುಬಣ್ಣದ ಬಿರಡೆ ಹಾಕುತ್ತದೆ. ಒಳಗೆ ಬಿಳಿ ಮರಿ ಸುರಂಗ ಕೊರೆಯುತ್ತ ಹೋಗುತ್ತದೆ. ಹೆಚ್ಚುಕಡಿಮೆ ಒಂದು ತಿಂಗಳಿಗೆ ಹೊಸ ಹುಳ ಹೊರಬರುತ್ತದೆ. ಹುಳ ಬಿದ್ದ ಗೆಣಸನ್ನು ಕೊಯ್ದರೆ ಟರ್ಪೆಂಟೈನಿನಂಥ ಘಾಟು, ನಾಲಿಗೆಗೆ ಇಟ್ಟರೆ ಕಹಿ. ಆ ಕಹಿ ಹುಳದ್ದಲ್ಲ, ಗೆಣಸಿನದೇ. ಗಾಯವಾದಾಗ ಗೆಡ್ಡೆ ತನ್ನನ್ನು ಕಾಯ್ದುಕೊಳ್ಳಲು ಮಾಡಿಕೊಳ್ಳುವ ರಾಸಾಯನಿಕ ಅದು. ಇದನ್ನು ನೆನಪಿಟ್ಟುಕೊಳ್ಳಿ.

ಗೆಣಸು ಕಿತ್ತ ಹೊಲದಲ್ಲಿ ಕೈಗೆ ಸಿಗುವುದು ಮೂರು ಬಗೆ: ಮಾರುಕಟ್ಟೆಗೆ ಹೋಗುವ ಗೆಡ್ಡೆ; ತೀರ ಸಣ್ಣ, ಸೀಳಿದ, ಹಾರೆ ತಾಗಿದ ಗೆಡ್ಡೆ; ಮತ್ತೆ ಬಳ್ಳಿ. ಮೂರರಲ್ಲಿ ಹೆಚ್ಚು ಅವಮಾನಕ್ಕೆ ಗುರಿಯಾಗುವುದು ಬಳ್ಳಿ. ಬದುವಿಗೆ ಎಳೆದು ಹಾಕಿ ಒಣಗಿಸುವುದು, ಒಣಗಿದ ಮೇಲೆ ಕಡ್ಡಿ ಗೀರುವುದು ಸಾಮಾನ್ಯ ದೃಶ್ಯ. ಲೆಕ್ಕ ಹಾಕಿದರೆ ಇದು ದುಬಾರಿ ಬೆಂಕಿ. ಹೆಕ್ಟೇರಿಗೆ 12 ಟನ್ ಗೆಡ್ಡೆ ಬಂದ ಹೊಲದಿಂದ ಗೆಡ್ಡೆಯ ಜೊತೆ ಹೊರಹೋಗುವುದು ಸುಮಾರು 26 ಕಿಲೋ ಸಾರಜನಕ, 60 ಕಿಲೋ ಪೊಟ್ಯಾಷಿಯಂ. ಬಳ್ಳಿಯನ್ನೂ ಹೊತ್ತೊಯ್ದರೆ ಅದೇ ಅಂಕಿ 52ಕ್ಕೆ, 90ಕ್ಕೆ ಏರುತ್ತದೆ. ಅಂದರೆ ಬೆಳೆ ಉಂಡ ಸಾರಜನಕದಲ್ಲಿ ಅರ್ಧ, ಪೊಟ್ಯಾಷಿಯಂನಲ್ಲಿ ಮೂರರಲ್ಲೊಂದು ಪಾಲು ಆ ಬಳ್ಳಿಯಲ್ಲೇ ಕೂತಿದೆ. ಸುಟ್ಟರೆ ಸಾರಜನಕ ಹೊಗೆಯಾಗಿ ಹೋಯಿತು. ಬೂದಿ ಗಾಳಿಗೆ ತೂರಿದರೆ ಪೊಟ್ಯಾಷಿಯಂ ಕೂಡ.

ಬಳ್ಳಿಗೆ ಹಸು-ಎಮ್ಮೆಯ ಹೊಟ್ಟೆಗಿಂತ ಒಳ್ಳೆಯ ದಾರಿ ನನಗೆ ಕಾಣದು. ಜೋಳದ ಕಣಕಿಯಲ್ಲಿ ನಾರು ಹೆಚ್ಚು, ಪ್ರೋಟೀನು ಕಡಿಮೆ. ಗೆಣಸಿನ ಎಲೆಯಲ್ಲಿ ಅದರ ತದ್ವಿರುದ್ಧ. ಎಲೆಯ ಒಣತೂಕದಲ್ಲಿ ನೂರಕ್ಕೆ ಹದಿನೈದರಿಂದ ಇಪ್ಪತ್ತರಷ್ಟು ಪ್ರೋಟೀನು. ಸೊಲ್ಲಾಪುರದ ಕೊಟ್ಟಿಗೆಯಲ್ಲಿ ಎರಡೂ ಕೂಡಿದರೆ ಮೇವು ಪೂರ್ಣವಾಗುತ್ತದೆ. ಹಸಿಬಳ್ಳಿಯನ್ನಷ್ಟೇ ಸುರಿದರೆ ದನ ಉಚ್ಚಿಕೊಳ್ಳುತ್ತದೆ, ಯಾಕೆಂದರೆ ಅದರಲ್ಲಿ ನೂರಕ್ಕೆ ಎಂಬತ್ತೈದು ಪಾಲು ನೀರು. ಒಂದು ದಿನ ಬಾಡಿಸಿ, ಕತ್ತರಿಸಿದ ಕಣಕಿಯೊಂದಿಗೆ ಬೆರೆಸಿ ಹಾಕಬೇಕು. ಒಮ್ಮೆಲೇ ಎಕರೆಗಟ್ಟಲೆ ಬಳ್ಳಿ ಬಂದಾಗ ರಸಮೇವು ಮಾಡಿಟ್ಟುಕೊಳ್ಳಬಹುದು: ಬಾಡಿದ ಬಳ್ಳಿಯನ್ನು ಬೆರಳಿನ ಗೆಣ್ಣಿನುದ್ದಕ್ಕೆ ಕತ್ತರಿಸಿ, ಒಣ ಕಣಕಿಯ ಚೂರು ಮತ್ತು ಸ್ವಲ್ಪ ಬೆಲ್ಲದ ನೀರು ಬೆರೆಸಿ, ದಪ್ಪ ಪ್ಲಾಸ್ಟಿಕ್ ಚೀಲಕ್ಕೋ ಡ್ರಮ್ಮಿಗೋ ತುಂಬಿ, ಗಾಳಿ ಉಳಿಯದಂತೆ ತುಳಿದು ಬಾಯಿ ಕಟ್ಟಬೇಕು. ನಲವತ್ತು ದಿನದ ಹೊತ್ತಿಗೆ ಹುಳಿವಾಸನೆಯ ಮೇವು ಸಿದ್ಧ. ಹೊಲದಲ್ಲಿ ಉಳಿದ ಆರೋಗ್ಯವಾದ ಸಣ್ಣ ಗೆಡ್ಡೆಗಳನ್ನೂ ಹೆಚ್ಚಿ ಇದಕ್ಕೇ ಸೇರಿಸಿದರೆ ಬೆಲ್ಲದ ಖರ್ಚೂ ಉಳಿಯಿತು. ಬಳ್ಳಿ ಸಗಣಿಯಾಗಿ, ಸಗಣಿ ತಿಪ್ಪೆಯಾಗಿ ಹೊಲಕ್ಕೆ ಮರಳುತ್ತದೆ, ನಡುವೆ ಹಾಲಿನ ದುಡ್ಡು ಕೈಸೇರುತ್ತದೆ.

ಇಲ್ಲಿಯವರೆಗೆ ಎಲ್ಲ ಸಲೀಸು. ವರ್ತುಲದ ಬಗ್ಗೆ ಬರೆಯುವವರು ಬಹುತೇಕ ಇಲ್ಲಿಗೇ ನಿಲ್ಲಿಸುತ್ತಾರೆ. ಗೆಣಸು ನಿಲ್ಲಿಸಲು ಬಿಡುವುದಿಲ್ಲ.

ಹುಳ ಬಿದ್ದ, ಬೂಷ್ಟು ಹಿಡಿದ ಗೆಣಸನ್ನು ದನಕ್ಕೆ ಹಾಕುವುದು ಹಳ್ಳಿಯಲ್ಲಿ ಸಹಜವೆನ್ನಿಸುವ ಉಳಿತಾಯ. ಅದು ಜೀವಕ್ಕೆ ಎರವಾಗಬಹುದು. ಆಗಲೇ ಹೇಳಿದ ಕಹಿ ರಾಸಾಯನಿಕವನ್ನು ಕೆಲವು ಬೂಷ್ಟುಗಳು ಒಡೆದು ಇನ್ನೊಂದು ವಿಷವಾಗಿ ಮಾರ್ಪಡಿಸುತ್ತವೆ. ಇಪೊಮಿಯನಾಲ್ ಎಂದು ಅದರ ಹೆಸರು. ಹೊಟ್ಟೆಗೆ ಹೋದ ಈ ವಿಷ ಹಾನಿ ಮಾಡುವುದು ಶ್ವಾಸಕೋಶಕ್ಕೆ. ಅಲ್ಲಿ ನೀರು ತುಂಬಿ, ದನ ಕತ್ತು ಚಾಚಿ ಬಾಯಿ ತೆರೆದು ಉಸಿರಿಗಾಗಿ ಒದ್ದಾಡುತ್ತದೆ. ಅಮೆರಿಕದ ಜಾರ್ಜಿಯಾ ರಾಜ್ಯದಲ್ಲಿ ಬೂಷ್ಟು ಹಿಡಿದ ಗೆಣಸು ತಿಂದು ಒಂದೇ ಹಿಂಡಿನ ಹತ್ತಾರು ಹಸುಗಳು ಸತ್ತದ್ದನ್ನು 1972ರಲ್ಲಿ ಪಶುವೈದ್ಯರು ವಿವರವಾಗಿ ದಾಖಲಿಸಿದ್ದಾರೆ. ಬೇಯಿಸಿದರೂ ಈ ವಿಷ ಪೂರ್ತಿ ಹೋಗುತ್ತದೆಂದು ನಂಬುವಂತಿಲ್ಲ. ಆದ್ದರಿಂದ ಕೊಟ್ಟಿಗೆಗೆ ಹೋಗುವ ಗೆಣಸಿಗೆ ಒಂದೇ ಪರೀಕ್ಷೆ: ಮನುಷ್ಯ ತಿನ್ನಬಹುದಾದಷ್ಟು ಸ್ವಚ್ಛವಾಗಿದ್ದರೆ ಹಾಕಿ, ಘಾಟು ಬಂದರೆ ಬೇಡ.

ಹಾಗಾದರೆ ಕೆಟ್ಟದ್ದನ್ನು ತಿಪ್ಪೆಗೆ ಎಸೆಯೋಣವೇ? ಅದೂ ಅಪಾಯ. ತಣ್ಣಗೆ ಬಿದ್ದ ತಿಪ್ಪೆಯ ಅಂಚಿನಲ್ಲಿ ಗೆಡ್ಡೆಯೊಳಗಿನ ಮರಿ ಹಾಯಾಗಿ ಬೆಳೆದು, ಮುಂದಿನ ಗೊಬ್ಬರದ ಬುಟ್ಟಿಯೊಂದಿಗೆ ಹೊಲಕ್ಕೆ ಮರಳುತ್ತದೆ. ವರ್ತುಲವೇನೋ ಪೂರ್ಣವಾಯಿತು, ಹುಳದ ವರ್ತುಲ! ಹುಳ ಬಿದ್ದ ಗೆಡ್ಡೆ ಮತ್ತು ಬುಡದ ದಪ್ಪ ಕಾಂಡವನ್ನು ಕಿತ್ತ ದಿನವೇ ಬೇರ್ಪಡಿಸಿ, ಆಳಕ್ಕೆ ಹೂಳಬೇಕು, ಇಲ್ಲವೇ ಗಾಳಿಯಾಡದ ಗೋಬರ್ ಗ್ಯಾಸ್ ಗುಂಡಿಗೆ ಕೊಡಬೇಕು.

ಗ್ಯಾಸಿನ ಮಾತಿಗೆ ಬಂದರೆ ಮಹಾರಾಷ್ಟ್ರದ್ದೇ ಒಂದು ಒಳ್ಳೆಯ ಪಾಠವಿದೆ. ಪುಣೆಯ ಆರತಿ (ಅಪ್ರೋಪ್ರಿಯೇಟ್ ರೂರಲ್ ಟೆಕ್ನಾಲಜಿ ಇನ್‌ಸ್ಟಿಟ್ಯೂಟ್) ಸಂಸ್ಥೆಯ ಆನಂದ ಕರ್ವೆ ಸಸ್ಯವಿಜ್ಞಾನಿ. ಗ್ಯಾಸ್ ಮಾಡುವ ಸೂಕ್ಷ್ಮಜೀವಿಗಳಿಗೆ ದನ ಉಂಡು ಸಾರ ಹೀರಿಬಿಟ್ಟ ಸಗಣಿಯನ್ನೇ ಯಾಕೆ ಕೊಡಬೇಕು, ಪಿಷ್ಟವನ್ನೇ ನೇರವಾಗಿ ಕೊಡಬಾರದೇಕೆ ಎಂದು ಅವರು ಕೇಳಿದರು. ಕೆಟ್ಟ ಧಾನ್ಯ, ಹಿಟ್ಟು, ಗೆಡ್ಡೆ, ಅಡುಗೆಮನೆಯ ಉಳಿಕೆಯಿಂದ ನಡೆಯುವ ಸಣ್ಣ ಸ್ಥಾವರವನ್ನು ಪ್ಲಾಸ್ಟಿಕ್ ಟಾಕಿಗಳಲ್ಲೇ ರೂಪಿಸಿದರು. 2006ರಲ್ಲಿ ಅದಕ್ಕೆ ಬ್ರಿಟನ್ನಿನ ಆಶ್ಡೆನ್ ಪ್ರಶಸ್ತಿ ಬಂತು. ಎರಡು ಕಿಲೋ ಪಿಷ್ಟಕ್ಕೆ ಅರ್ಧ ಕಿಲೋ ಮೀಥೇನ್, ಅದೂ ಒಂದು ದಿನದಲ್ಲಿ. ಅಷ್ಟೇ ಅನಿಲಕ್ಕೆ ಸಗಣಿಯಾದರೆ ನಲವತ್ತು ಕಿಲೋ ಬೇಕು, ನಲವತ್ತು ದಿನ ಕಾಯಬೇಕು ಎಂಬುದು ಅವರು ಮುಂದಿಟ್ಟ ಲೆಕ್ಕ. ಗೆಣಸಿನಲ್ಲಿ ಪಿಷ್ಟ, ಸಕ್ಕರೆ ಸೇರಿ ಕಾಲುಭಾಗ ಎಂದಿಟ್ಟುಕೊಂಡರೆ ಎಂಟು ಕಿಲೋ ಕೆಟ್ಟ ಗೆಣಸಿನಲ್ಲಿ ಒಂದು ಮನೆಯ ಅಂದಿನ ಅಡುಗೆಯ ಉರಿ ಇದೆ. ಒಂದು ಎಚ್ಚರ: ಪಿಷ್ಟವನ್ನು ಒಮ್ಮೆಲೇ ಸುರಿದರೆ ಗುಂಡಿ ಹುಳಿಯಾಗಿ ಗ್ಯಾಸ್ ನಿಂತೇ ಹೋಗುತ್ತದೆ. ಸಗಣಿಯಲ್ಲಿ ಶುರುಮಾಡಿ, ಅರೆದ ಗೆಣಸನ್ನು ಸ್ವಲ್ಪ ಸ್ವಲ್ಪವೇ ಏರಿಸಬೇಕು.

ದೊಡ್ಡ ಪ್ರಮಾಣದಲ್ಲಿ ಇದನ್ನು ಮಾಡಿ ತೋರಿಸಿದವರು ಜಪಾನಿನವರು. ಮಿಯಾಜಾಕಿ ಪ್ರಾಂತದ ಕಿರಿಶಿಮಾ ಶುಜೊ ಎಂಬ ಕಂಪನಿ ಗೆಣಸಿನಿಂದ ಶೋಚು ಎಂಬ ಮದ್ಯ ಇಳಿಸುತ್ತದೆ. ಭಟ್ಟಿಯಲ್ಲಿ ಉಳಿದ ಗಸಿ ಮತ್ತು ಕತ್ತರಿಸಿ ತೆಗೆದ ಗೆಣಸಿನ ಚೂರುಗಳಿಂದ ಬಯೋಗ್ಯಾಸ್ ಮಾಡಿ, 2014ರಿಂದ ವಿದ್ಯುತ್ತನ್ನೂ ಉತ್ಪಾದಿಸುತ್ತಿದೆ. ನಮಗೆ ಅಷ್ಟು ದೂರದ ಆಸೆ ಬೇಡ. ಸ್ವಾಮಿ ಸಮರ್ಥರ ದರ್ಶನಕ್ಕೆ ಬರುವವರಿಗೆ ದಿನವೂ ಊಟ ಬಡಿಸುವ ಅಕ್ಕಲಕೋಟೆಯಂಥ ಕ್ಷೇತ್ರದಲ್ಲಿ ಕಾಯಿಪಲ್ಲೆಯ ಸಿಪ್ಪೆ, ಅನ್ನದ ಉಳಿಕೆ ವರ್ಷಪೂರ್ತಿ ಇರುತ್ತದೆ. ಹಬ್ಬದ ಮರುದಿನದ ಗೆಣಸು ಅದರ ಜೊತೆ ಸೇರಿದರೆ ಗ್ಯಾಸ್ ಗುಂಡಿಗೆ ಹಸಿವಿನ ದಿನಗಳೇ ಇರುವುದಿಲ್ಲ.

ಇನ್ನೊಂದು ವರ್ತುಲ ಗೆಣಸಿನ ಬೀಜದ್ದು. ಇದಕ್ಕೆ ಬಿತ್ತುವ ಬೀಜವಿಲ್ಲ. ಹಳೆ ಬೆಳೆಯ ಬಳ್ಳಿಯ ತುಂಡೇ ಹೊಸ ಬೆಳೆ. ಗೇಣುದ್ದದ ತುದಿಬಳ್ಳಿ, ಮೂರರಿಂದ ಐದು ಗೆಣ್ಣು, ಅಷ್ಟೇ ಬಂಡವಾಳ. ನೆರೆಯವರಿಂದ ಕೇಳಿ ತಂದರೆ ಅದೂ ಪುಕ್ಕಟೆ. ಆದರೆ ಅದೇ ಬಳ್ಳಿಯನ್ನು ವರ್ಷದಿಂದ ವರ್ಷಕ್ಕೆ ನೆಡುತ್ತ ಹೋದರೆ ವೈರಸ್ ರೋಗ ಪೀಳಿಗೆಯಿಂದ ಪೀಳಿಗೆಗೆ ಜಮೆಯಾಗುತ್ತದೆ. ಬಳ್ಳಿ ಸೊಂಪಾಗಿಯೇ ಕಾಣುತ್ತದೆ, ಗೆಡ್ಡೆ ಮಾತ್ರ ಸೊರಗುತ್ತದೆ. ತಿರುವನಂತಪುರದ ಕೇಂದ್ರೀಯ ಗೆಡ್ಡೆಗೆಣಸು ಸಂಶೋಧನಾ ಸಂಸ್ಥೆ (1963ರಲ್ಲಿ ಆರಂಭವಾದದ್ದು) ಹೇಳುವ ಕ್ರಮ ಹೀಗಿದೆ: ಹುಳವಿಲ್ಲದ ಸುಮಾರು 80 ಕಿಲೋ ಗೆಡ್ಡೆಯನ್ನು 100 ಚದರ ಮೀಟರ್ ಮಡಿಯಲ್ಲಿ ಮೊಳೆಸಿ, ಅದರ ಬಳ್ಳಿಯನ್ನು 500 ಚದರ ಮೀಟರಿನ ಎರಡನೆಯ ಮಡಿಗೆ ನೆಟ್ಟರೆ, ಒಂದು ಹೆಕ್ಟೇರಿಗೆ ಬೇಕಾದಷ್ಟು ಆರೋಗ್ಯವಂತ ಬಳ್ಳಿ ಸಿಗುತ್ತದೆ. ಕೆಲವು ವರ್ಷಕ್ಕೊಮ್ಮೆ ಹೊರಗಿನಿಂದ ರೋಗಮುಕ್ತ ಸಸಿ ತರಿಸಬೇಕು. ಗಡಿಯ ರೈತರಿಗೆ ಹತ್ತಿರದ ವಿಳಾಸ ಧಾರವಾಡದ ಕುಂಬಾಪುರ; ಬಾಗಲಕೋಟೆ ತೋಟಗಾರಿಕೆ ವಿಶ್ವವಿದ್ಯಾಲಯದ ಗೆಡ್ಡೆಗೆಣಸು ಸಂಶೋಧನೆ ನಡೆಯುವುದು ಅಲ್ಲೇ. ಕೇಸರಿ ತಿರುಳಿನ ಭೂ ಸೋನಾ, ನೇರಳೆ ತಿರುಳಿನ ಭೂ ಕೃಷ್ಣಾ ತಳಿಗಳನ್ನೂ ವಿಚಾರಿಸಬಹುದು. ಭೂ ಸೋನಾದಲ್ಲಿ ನೂರು ಗ್ರಾಮಿಗೆ 14 ಮಿಲಿಗ್ರಾಂನಷ್ಟು ಬೀಟಾ ಕ್ಯಾರೊಟೀನ್ ಇದೆ, ಮಕ್ಕಳ ಕಣ್ಣಿಗೆ ಒಳ್ಳೆಯದು. ಉಪವಾಸದ ತಾಟಿಗೆ ಬಿಳಿ ಗೆಣಸೇ ಬೇಕೆನ್ನುವ ಅಜ್ಜಿಯರನ್ನು ಒಪ್ಪಿಸುವುದು ಬೇರೆ ಮಾತು.

ಈಗ ಸಕ್ಕರೆ. ಮಹಾರಾಷ್ಟ್ರದಲ್ಲಿ ಅತಿ ಹೆಚ್ಚು ಸಕ್ಕರೆ ಕಾರ್ಖಾನೆಗಳಿರುವುದು ಸೊಲ್ಲಾಪುರ ಜಿಲ್ಲೆಯಲ್ಲಿ, ಮೂವತ್ತಕ್ಕೂ ಮಿಕ್ಕಿ. ಮಳೆಯಿಲ್ಲದ ನಾಡಿಗೆ ಇಷ್ಟು ಕಬ್ಬು ತಕ್ಕದ್ದೇ ಎಂಬ ಜಗಳ ಹಳೆಯದು, ನನ್ನ ಮಟ್ಟಿಗೆ ತಕ್ಕದ್ದಲ್ಲ. ವರ್ಷವಿಡೀ ನಿಂತು ನೀರು ಕುಡಿಯುವ ಕಬ್ಬಿನೆದುರು ನಾಲ್ಕು ತಿಂಗಳಿಗೆ ಮುಗಿಯುವ ಗೆಣಸು ಸಾಧು ಬೆಳೆ. ಆದರೆ ಕಾರ್ಖಾನೆಗಳು ಹೇಗೂ ಇವೆ, ಅವುಗಳ ಉಳಿಕೆ ಗೆಣಸಿಗೆ ಹೇಳಿ ಮಾಡಿಸಿದಂತಿದೆ. ಗೆಣಸು ಪೊಟ್ಯಾಷ್ ಬೇಡುವ ಬೆಳೆ, ಭಾರತ ತನ್ನ ಪೊಟ್ಯಾಷ್ ಗೊಬ್ಬರವನ್ನು ಬಹುತೇಕ ಪೂರ್ತಿ ಹೊರದೇಶದಿಂದಲೇ ತರಿಸುತ್ತದೆ. ಇತ್ತ ಕಾಕಂಬಿಯಿಂದ ಸ್ಪಿರಿಟ್ ಇಳಿಸುವ ಡಿಸ್ಟಿಲರಿಯ ಕೊಳೆನೀರನ್ನು ಬಾಯ್ಲರಿನಲ್ಲಿ ಸುಟ್ಟಾಗ ಉಳಿಯುವ ಬೂದಿಯಲ್ಲಿ ಪೊಟ್ಯಾಷ್ ತುಂಬಿದೆ. ಅದನ್ನು ಹರಳು ಮಾಡಿದ ಪಿಡಿಎಂ (ಕಾಕಂಬಿ ಮೂಲದ ಪೊಟ್ಯಾಷ್) ಗೊಬ್ಬರವನ್ನು ಕೇಂದ್ರ ಸರ್ಕಾರ 2021ರಲ್ಲಿ ಸಬ್ಸಿಡಿ ಪಟ್ಟಿಗೆ ಸೇರಿಸಿತು; ಅದರಲ್ಲಿ ಪೊಟ್ಯಾಷ್ ಶೇಕಡಾ 14.5. ಗೆಣಸಿಗೆ ಹೆಕ್ಟೇರಿಗೆ ಶಿಫಾರಸು 50 ಕಿಲೋ ಸಾರಜನಕ, 25 ರಂಜಕ, 50 ಪೊಟ್ಯಾಷ್. ಎಕರೆಗೆ 20 ಕಿಲೋ ಪೊಟ್ಯಾಷ್ ಎಂದರೆ ಮೂರು ಚೀಲದೊಳಗಿನ ಪಿಡಿಎಂ. ಸೊಲ್ಲಾಪುರದ ಸಿದ್ಧೇಶ್ವರ ಕಾರ್ಖಾನೆಯ ಚಿಮಣಿಯನ್ನು ವಿಮಾನಕ್ಕೆ ಅಡ್ಡವೆಂದು 2023ರ ಜೂನ್‌ನಲ್ಲಿ ಕೆಡವಿದಾಗ ಇಡೀ ರಾಜ್ಯ ಟಿವಿಯಲ್ಲಿ ನೋಡಿತು. ಬೂದಿಯ ಸುದ್ದಿ ಯಾವ ಟಿವಿಯಲ್ಲೂ ಬರುವುದಿಲ್ಲ, ರೈತನಿಗೆ ಬೇಕಾದದ್ದು ಮಾತ್ರ ಆ ಸುದ್ದಿಯೇ.

ಕಾರ್ಖಾನೆಯಲ್ಲಿ ಕಬ್ಬಿನ ರಸ ಸೋಸಿದ ಮೇಲೆ ಉಳಿಯುವ ಪ್ರೆಸ್‌ಮಡ್ ಕೂಡ ಒಳ್ಳೆಯದೇ, ಚೆನ್ನಾಗಿ ಕೊಳೆತಿದ್ದರೆ. ಸಾರಜನಕ ಹೆಚ್ಚಾದರೆ ಗೆಣಸು ಬಳ್ಳಿಯನ್ನೇ ಹಬ್ಬಿಸಿ ಗೆಡ್ಡೆ ಮರೆಯುತ್ತದೆ, ಆದ್ದರಿಂದ ಕೈ ಬಿಗಿ ಇರಲಿ. ಇನ್ನು ಕಬ್ಬಿನ ರವದಿ. ಕಬ್ಬು ಕಡಿದ ಹೊಲಗಳಲ್ಲಿ ಅದಕ್ಕೆ ಬೆಂಕಿ ಹಚ್ಚುವುದು ಇಂದಿಗೂ ನಿಂತಿಲ್ಲ. ಗೆಣಸು ನೆಟ್ಟ ಒಂದು ತಿಂಗಳಿಗೆ ಕಳೆ ತೆಗೆದು ಬೋದಿಗೆ ಮಣ್ಣೇರಿಸಿ, ಸಾಲಿನಲ್ಲಿ ಆ ರವದಿ ಹಾಸಿದರೆ ತೇವ ಆರದು, ತೇವ ಆರದಿದ್ದರೆ ಮಣ್ಣು ಬಿರಿಯದು, ಬಿರುಕಿಲ್ಲದಿದ್ದರೆ ಮೂತಿಹುಳಕ್ಕೆ ದಾರಿಯಿಲ್ಲ. ನೂರು ಚದರ ಮೀಟರಿಗೆ ಒಂದರಂತೆ ಮೋಹಕ ಬಲೆ ನೇತುಹಾಕಿದರೆ ಗಂಡುಹುಳಗಳೂ ಸಿಕ್ಕಿಬೀಳುತ್ತವೆ. ಅರೆಎರೆ ಭೂಮಿಯಲ್ಲಿ ಗೆಣಸು ಹಾಕಲು ಹೊರಟವರಿಗೆ ರವದಿಯ ಹಾಸು ಬಿಟ್ಟರೆ ಬೇರೆ ಉಪಾಯ ಕಡಿಮೆ.

ಕೊನೆಗೆ ಮಾರಾಟವಾಗದೆ ಉಳಿದ ಒಳ್ಳೆಯ ಗೆಣಸಿನ ಪ್ರಶ್ನೆ. ಇದಕ್ಕೆ ಎಲ್ಲರೂ ಕೊಡುವ ಸಲಹೆ ಹಿಟ್ಟು ಮಾಡಿ ಎಂಬುದು. ಸಲಹೆ ಸರಿ, ಆದರೆ ಪಂಚಾಂಗ ನೋಡದೆ ಕೊಟ್ಟದ್ದು. ಶಿವರಾತ್ರಿಯ ಮರುದಿನದಿಂದ ಸೊಲ್ಲಾಪುರದ ಬಿಸಿಲು ಏರುತ್ತಲೇ ಹೋಗುತ್ತದೆ. ಆಗ ಉಳಿದ ಗೆಣಸನ್ನು ತೆಳ್ಳಗೆ ಹೆಚ್ಚಿ, ಕಪ್ಪಾಗದಂತೆ ಲಿಂಬೆಹಣ್ಣಿನ ನೀರಲ್ಲಿ ಅದ್ದಿ, ಮಾಳಿಗೆಯ ಮೇಲೆ ಬಿಳಿ ಬಟ್ಟೆ ಹಾಸಿ ಹರಡಿದರೆ ಗರಿಗರಿಯಾಗಿ ಒಣಗುತ್ತದೆ. ನಾಲ್ಕು ಕಿಲೋ ಗೆಣಸಿಗೆ ಹೆಚ್ಚುಕಡಿಮೆ ಒಂದು ಕಿಲೋ ಹಿಟ್ಟು. ಅದನ್ನು ರಾಜಗಿರಾ, ಭಗರ್ ಹಿಟ್ಟಿನೊಂದಿಗೆ ಬೆರೆಸಿದರೆ ಆಷಾಢ ಏಕಾದಶಿಗೆ ಉಪವಾಸದ ಥಾಲಿಪೀಠಿನ ಹಿಟ್ಟಾಗಿ ಮಾರಬಹುದು. ಪಂಢರಪುರದ ದಾರಿಯಲ್ಲೇ ಇರುವ ಜಿಲ್ಲೆಯ ಮಹಿಳಾ ಬಚತ್ ಗುಂಪುಗಳಿಗೆ ಗಿರಾಕಿ ಹುಡುಕಬೇಕಾಗಿಲ್ಲ. ಆಷಾಢದ ಉಳಿಕೆಗೆ ಈ ದಾರಿ ಇಲ್ಲ. ಮೋಡ ಕವಿದ ಆಕಾಶದ ಕೆಳಗೆ ಹೆಚ್ಚಿದ ಗೆಣಸು ಒಣಗುವ ಮೊದಲೇ ಬೂಷ್ಟು ಹಿಡಿಯುತ್ತದೆ, ಆಮೇಲೆ ದನಕ್ಕೂ ಆಗದು. ಜುಲೈಯಲ್ಲಿ ಉಳಿದದ್ದನ್ನು ಕೆಡುವ ಮೊದಲೇ ರಸಮೇವಿಗೂ, ಕೆಟ್ಟದ್ದನ್ನು ಗ್ಯಾಸಿಗೂ ಕಳಿಸುವುದೇ ಲೇಸು.

ಎಲ್ಲಕ್ಕಿಂತ ಅಗ್ಗದ ಉಪಾಯ ಉಳಿಯದಂತೆ ನೋಡಿಕೊಳ್ಳುವುದು. ಗೆಣಸು ಸುಮಾರು 110 ದಿನಕ್ಕೆ ಕೈಗೆ ಬರುತ್ತದೆ. ಶಿವರಾತ್ರಿಗೆ ಬೇಕೆಂದರೆ ಅಕ್ಟೋಬರ್ ಕೊನೆ, ನವೆಂಬರ್ ಮೊದಲಿಗೆ ನೆಡಬೇಕು. ಆಷಾಢಕ್ಕೆ ಮಾರ್ಚ್, ಅದೂ ಬಾವಿಯಲ್ಲಿ ಬೇಸಿಗೆ ದಾಟುವಷ್ಟು ನೀರಿದ್ದರೆ. ಇಡೀ ಹೊಲವನ್ನು ಒಂದೇ ದಿನ ನೆಡುವವನು ಇಡೀ ಹೊಲವನ್ನು ಒಂದೇ ದಿನ ಮಾರಬೇಕಾಗುತ್ತದೆ. ಗೆಡ್ಡೆಯನ್ನು ನೆಲದಲ್ಲೇ ಬಿಟ್ಟು ದರ ಕಾಯೋಣವೆಂದರೆ ಮೂತಿಹುಳ ಕಾಯುವುದಿಲ್ಲ. ಹೊಲವನ್ನು ಮೂರು ಪಾಲು ಮಾಡಿ, ಹತ್ತು ಹನ್ನೆರಡು ದಿನದ ಅಂತರದಲ್ಲಿ ನೆಡಿ. ಕೀಳುವ ದಿನ ಮೂರು ಗುಡ್ಡೆ ಹಾಕಿ: ಪೇಟೆಗೆ, ಕೊಟ್ಟಿಗೆಗೆ, ಗ್ಯಾಸ್ ಗುಂಡಿಗೆ. ಘಾಟು ಬಂದ ಗೆಣಸು ಎರಡನೆಯ ಗುಡ್ಡೆಗೆ ತಪ್ಪಿಯೂ ಬೀಳದಂತೆ ನೋಡಿಕೊಳ್ಳಿ.